ಸೋತವನು ಯಾಕೆ ಎದ್ದು ಹೋಗುವುದಿಲ್ಲ?

ಲಾಸ್ ವೇಗಸ್‌ನ ಹಳೆಯ ಮಾದರಿಯ ಕ್ಯಾಸಿನೊಗಳ ಒಳಗೆ ನಿಂತರೆ ಹೊರಗೆ ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಆಟದ ಅಂಗಳಕ್ಕೆ ಕಿಟಕಿ ಇಲ್ಲ, ಗೋಡೆಯ ಮೇಲೆ ಗಡಿಯಾರ ಇಲ್ಲ. ಚಾವಣಿ ತಗ್ಗು, ಬೆಳಕು ಮಂದ, ದಾರಿಗಳು ಅಂಕುಡೊಂಕು. ಮಹಡಿಯ ಕೋಣೆಯಿಂದ ಊಟಕ್ಕೆ ಇಳಿದವರು, ಊಟ ಮುಗಿಸಿ ಸಂಗೀತ ಕೇಳಲು ಹೊರಟವರು, ಬೀದಿಗೆ ಹೋಗಬೇಕಾದವರು ಎಲ್ಲರೂ ಆ ಅಂಗಳವನ್ನು ಹಾದೇ ಹೋಗಬೇಕು. ಆಡುತ್ತ ಕುಳಿತವರಿಗೆ ಮದ್ಯ ಬಿಟ್ಟಿ. ಬಾಗಿಲು 24 ಗಂಟೆಯೂ ತೆರೆದಿರುತ್ತದೆ.

1931ರ ಮಾರ್ಚ್‌ನಲ್ಲಿ ನೆವಾಡ ರಾಜ್ಯ ಜೂಜನ್ನು ಕಾನೂನುಬದ್ಧಗೊಳಿಸಿದಾಗ ಲಾಸ್ ವೇಗಸ್ ಮರುಭೂಮಿಯ ನಡುವೆ ರೈಲು ನಿಲ್ಲುವ, ಸುಮಾರು 5,000 ಜನರ ಊರು. ಇಂದು ಸುತ್ತಲಿನ ಪ್ರದೇಶವೂ ಸೇರಿ ಅದು 20 ಲಕ್ಷ ದಾಟಿದ ಮಹಾನಗರ. ಈ ನಗರವನ್ನು ಸಾಕಿದ್ದು ಸೋತವರ ಹಣ ಎಂಬುದು ಅಲ್ಲಿಗೆ ಹೋಗುವ ಪ್ರತಿಯೊಬ್ಬರಿಗೂ ಗೊತ್ತು. ಬಹಳಷ್ಟು ಜನ ಒಂದಿಷ್ಟು ಆಡಿ, ಒಂದಿಷ್ಟು ಕಳೆದುಕೊಂಡು, ಎದ್ದು ಮನೆಗೆ ಬರುತ್ತಾರೆ. ಆದರೆ ಕೆಲವರು ಏಳುವುದಿಲ್ಲ. ಜೇಬು ಖಾಲಿಯಾದ ಮೇಲೆ ಸಾಲ ಮಾಡಿ ಕೂರುತ್ತಾರೆ. ಸಾಲ ಹುಟ್ಟದಿದ್ದಾಗ ಮನೆಯ ಒಡವೆ ಅಡ ಇಡುತ್ತಾರೆ, ಕಚೇರಿಯ ಹಣಕ್ಕೆ ಕೈ ಹಾಕುತ್ತಾರೆ. ಜೊತೆಗೆ ಕುಡಿತವೂ ನಿದ್ದೆಗೇಡೂ ಸೇರಿಕೊಂಡು ಮನುಷ್ಯ ಗುರುತು ಸಿಗದಷ್ಟು ಬದಲಾಗುತ್ತಾನೆ.

ಮನೆಯವರು ಇದನ್ನು ದುರಾಸೆ ಎನ್ನುತ್ತಾರೆ, ಹಣೆಬರಹ ಎನ್ನುತ್ತಾರೆ. ಕಳೆದ ಅರ್ಧ ಶತಮಾನದ ಸಂಶೋಧನೆ ಹೇಳುವ ಕಥೆ ಬೇರೆ. ಜೂಜಿನಲ್ಲಿ ಮುಳುಗಿದವನನ್ನು ಕುರ್ಚಿಗೆ ಕಟ್ಟಿಹಾಕುವುದು ಗೆಲ್ಲುವ ಆಸೆಗಿಂತ ಹೆಚ್ಚಾಗಿ ಹೋದದ್ದನ್ನು ಎತ್ತಿಯೇ ತೀರಬೇಕೆಂಬ ಹಟ. ಆ ಹಟದ ಬೇರು ನಮ್ಮೆಲ್ಲರ ಮಿದುಳಿನಲ್ಲೂ ಇದೆ. ಅದಕ್ಕೆ ನೀರೆರೆಯುವಂತೆಯೇ ಆಟವನ್ನೂ ಅಂಗಳವನ್ನೂ ರೂಪಿಸಲಾಗಿದೆ.

ಹೊತ್ತು ಹೋದಷ್ಟೂ ಸೋಲು

ಮೊದಲು ಲೆಕ್ಕ ನೋಡೋಣ. ಅಮೆರಿಕದ ರೂಲೆಟ್ ಚಕ್ರದಲ್ಲಿ 38 ಮನೆಗಳಿವೆ: 18 ಕೆಂಪು, 18 ಕಪ್ಪು, 2 ಹಸಿರು. ಕೆಂಪಿಗೆ 100 ರೂಪಾಯಿ ಕಟ್ಟಿದರೆ, ಗುಂಡು ಕೆಂಪು ಮನೆಯಲ್ಲಿ ನಿಂತಾಗ ಇನ್ನೊಂದು 100 ಸಿಗುತ್ತದೆ. ಕಪ್ಪು ಅಥವಾ ಹಸಿರು ಬಂದರೆ ಕಟ್ಟಿದ್ದು ಹೋಗುತ್ತದೆ. ಸರಾಸರಿ 38 ಆಟಗಳಲ್ಲಿ 18 ಗೆಲುವು, 20 ಸೋಲು. ಅಂದರೆ 3,800 ರೂಪಾಯಿ ಕಟ್ಟಿದವನು 200 ಕಳೆದುಕೊಳ್ಳುತ್ತಾನೆ. ನೂರಕ್ಕೆ 5.26 ರೂಪಾಯಿ ಕ್ಯಾಸಿನೊದ ಪಾಲು. ನಮ್ಮೂರುಗಳ ಮೀಟರ್ ಬಡ್ಡಿಯ ಮುಂದೆ ಇದು ಏನೂ ಅಲ್ಲ ಎನ್ನಿಸಬಹುದು.

ಈಗ ಒಬ್ಬ 10,000 ರೂಪಾಯಿ ಹಿಡಿದು ಬಂದಿದ್ದಾನೆ, ಅದನ್ನು 20,000 ಮಾಡಿಕೊಂಡು ಹೋಗಬೇಕೆಂದಿದ್ದಾನೆ ಎಂದುಕೊಳ್ಳಿ. ಅಷ್ಟನ್ನೂ ಒಂದೇ ಬಾರಿಗೆ ಕೆಂಪಿಗೆ ಕಟ್ಟಿದರೆ ಗೆಲ್ಲುವ ಸಾಧ್ಯತೆ ಶೇಕಡ 47.4. ಸುಮಾರಾಗಿ ಅರ್ಧಕ್ಕರ್ಧ. ಅದೇ ಮನುಷ್ಯ ಎಚ್ಚರಿಕೆಯಿಂದ, ಪ್ರತಿ ಸಲ ನೂರು ನೂರೇ ಕಟ್ಟುತ್ತ, ದುಡ್ಡು ದುಪ್ಪಟ್ಟಾಗುವವರೆಗೆ ಇಲ್ಲವೇ ಪೂರ್ತಿ ಮುಗಿಯುವವರೆಗೆ ಆಡಿದರೆ? ಗೆಲ್ಲುವ ಸಾಧ್ಯತೆ ಸುಮಾರು 37,650ರಲ್ಲಿ ಒಂದು. ಕೆಂಪು ಬೀಳುವ ಸಾಧ್ಯತೆ ಎರಡೂ ಕಡೆ ಒಂದೇ, ಕ್ಯಾಸಿನೊದ ಪಾಲೂ ಒಂದೇ. ಬದಲಾದದ್ದು ಆಟದ ಸಂಖ್ಯೆ ಮಾತ್ರ.

ಗಣಿತಜ್ಞರು ಇದನ್ನು ಜೂಜುಕೋರನ ದಿವಾಳಿ ಎಂಬ ಸಮಸ್ಯೆಯಾಗಿ ಮೂರೂವರೆ ಶತಮಾನದ ಹಿಂದೆಯೇ ಬಿಡಿಸಿದ್ದರು. ಪಾಸ್ಕಲ್ ಮತ್ತು ಫರ್ಮಾ 1650ರ ದಶಕದಲ್ಲಿ ಪತ್ರಗಳಲ್ಲಿ ಚರ್ಚಿಸಿದ ಜೂಜಿನ ಲೆಕ್ಕಗಳಿಂದಲೇ ಸಂಭಾವ್ಯತಾ ಶಾಸ್ತ್ರ ಹುಟ್ಟಿತು. 1657ರಲ್ಲಿ ಹೈಗನ್ಸ್ ಬರೆದ ಪುಸ್ತಕದ ಕೊನೆಯ ಸಮಸ್ಯೆ ಇದೇ ಬಗೆಯದು. ಪ್ರತಿ ಆಟದಲ್ಲಿ ಸಾಸಿವೆಯಷ್ಟು ಅನುಕೂಲ ಇರುವ ಕಡೆಯವನು, ಆಟ ಬೆಳೆದಷ್ಟೂ ಸೋಲಲಾರದ ಸ್ಥಿತಿಗೆ ಹತ್ತಿರವಾಗುತ್ತಾನೆ ಎಂಬುದು ಅದರ ಸಾರ.

ಕಿಟಕಿ, ಗಡಿಯಾರ ಇಲ್ಲದಿರುವುದಕ್ಕೂ ಮದ್ಯ ಬಿಟ್ಟಿ ಸಿಗುವುದಕ್ಕೂ ಕಾರಣ ಈ ಲೆಕ್ಕದಲ್ಲಿದೆ. ನೀವು ಎಷ್ಟು ಕಟ್ಟುತ್ತೀರಿ ಎನ್ನುವುದಕ್ಕಿಂತ ಎಷ್ಟು ಹೊತ್ತು ಕೂರುತ್ತೀರಿ ಎನ್ನುವುದು ಕ್ಯಾಸಿನೊಗೆ ಮುಖ್ಯ.

ಗುಂಡಿಗೆ ನೆನಪಿಲ್ಲ

1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೊ ಕ್ಯಾಸಿನೊದ ಒಂದು ಮೇಜಿನಲ್ಲಿ ಗುಂಡು ಸತತವಾಗಿ ಕಪ್ಪು ಮನೆಯಲ್ಲೇ ಬೀಳತೊಡಗಿತು. ಹತ್ತು ಸಲ, ಹದಿನೈದು ಸಲ. ಸುದ್ದಿ ಹರಡಿ ಜನ ಮುತ್ತಿಕೊಂಡರು. ಇಷ್ಟು ಸಲ ಕಪ್ಪು ಬಂದಮೇಲೆ ಇನ್ನು ಕೆಂಪು ಬರಲೇಬೇಕು ಎಂದು ಎಲ್ಲರೂ ಕೆಂಪಿಗೆ ಕಟ್ಟಿದರು. ಕಪ್ಪು ಬಂದಾಗಲೆಲ್ಲ ಪಣ ಏರಿಸಿದರು. ಕಪ್ಪು ಬಂದದ್ದು ಸತತ 26 ಸಲ. ಅಷ್ಟರೊಳಗೆ ಲಕ್ಷಾಂತರ ಫ್ರಾಂಕ್ ಕ್ಯಾಸಿನೊ ಪಾಲಾಗಿತ್ತು.

ಯುರೋಪಿನ ಚಕ್ರದಲ್ಲಿ 37 ಮನೆ. 26 ಸಲವೂ ಕಪ್ಪೇ ಬೀಳುವ ಸಾಧ್ಯತೆ ಸುಮಾರು 13.7 ಕೋಟಿಯಲ್ಲಿ ಒಂದು. ಆದರೆ 25 ಸಲ ಬಿದ್ದಾದ ಮೇಲೆ 26ನೆಯದೂ ಕಪ್ಪಾಗುವ ಸಾಧ್ಯತೆ 37ರಲ್ಲಿ 18, ಮೊದಲ ಸಲ ಇದ್ದಷ್ಟೇ. ಹಿಂದಿನದನ್ನು ಸರಿದೂಗಿಸುವ ಹಂಗು ಗುಂಡಿಗೆ ಇಲ್ಲ. ಆ ಹಂಗನ್ನು ಅದರ ಮೇಲೆ ಹೊರಿಸುವುದು ನಮ್ಮ ಮನಸ್ಸು.

ಸೋತಾಗಲೆಲ್ಲ ಪಣ ಎರಡರಷ್ಟು ಮಾಡಿದರೆ ಕೊನೆಗೊಮ್ಮೆ ಎಲ್ಲ ಬಂದೇ ಬರುತ್ತದೆ ಎಂಬ ಉಪಾಯವೂ ಇಲ್ಲಿಂದಲೇ ಹುಟ್ಟುತ್ತದೆ. ಜೂಜಿನ ಅಡ್ಡೆಗಳಲ್ಲಿ ಇದನ್ನು ತನ್ನದೇ ಗುಟ್ಟೆಂಬಂತೆ ಹೇಳುವವರು ಎಲ್ಲ ಕಾಲಕ್ಕೂ ಇದ್ದಾರೆ. 100ರಿಂದ ಶುರುಮಾಡಿ ಸತತ ಹತ್ತು ಸಲ ಸೋತರೆ ಹೋದದ್ದು 1,02,300 ರೂಪಾಯಿ. ಹನ್ನೊಂದನೆಯ ಸಲಕ್ಕೆ 1,02,400 ಕಟ್ಟಬೇಕು, ಅದೂ ಗೆದ್ದರೆ ಒಟ್ಟಾರೆ ಸಿಗುವ ಲಾಭ 100 ರೂಪಾಯಿ. ರೂಲೆಟ್‌ನಲ್ಲಿ ಹತ್ತು ಸೋಲು ಸಾಲಾಗಿ ಬರುವ ಸಾಧ್ಯತೆ 613ರಲ್ಲಿ ಒಂದು. ರಾತ್ರಿ ರಾತ್ರಿಯೂ ಆಡುವವನಿಗೆ ಅದು ಎದುರಾಗದೆ ಇರದು. ಸಾಲದ್ದಕ್ಕೆ, ಪ್ರತಿ ಮೇಜಿಗೂ ಇಷ್ಟಕ್ಕಿಂತ ಹೆಚ್ಚು ಕಟ್ಟುವಂತಿಲ್ಲ ಎಂಬ ಮಿತಿ ಇರುತ್ತದೆ.

1960ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಹೆನ್ಸ್ಲಿನ್ ಅಮೆರಿಕದ ಸೇಂಟ್ ಲೂಯಿ ನಗರದ ಟ್ಯಾಕ್ಸಿ ಚಾಲಕರು ದಾಳ ಆಡುವುದನ್ನು ಹತ್ತಿರದಿಂದ ನೋಡಿ ಬರೆದರು. ಸಣ್ಣ ಅಂಕಿ ಬೇಕಾದಾಗ ಅವರು ದಾಳವನ್ನು ಮೆಲ್ಲಗೆ ಉರುಳಿಸುತ್ತಿದ್ದರು, ದೊಡ್ಡ ಅಂಕಿ ಬೇಕಾದಾಗ ಜೋರಾಗಿ ಎಸೆಯುತ್ತಿದ್ದರು. ಕೈ ತನ್ನದಾದ್ದರಿಂದ ಫಲವೂ ತನ್ನ ಹಿಡಿತದಲ್ಲಿದೆ ಎಂದು ಮನಸ್ಸು ನಂಬಿಬಿಡುತ್ತದೆ. ಮನೋವಿಜ್ಞಾನಿ ಎಲೆನ್ ಲ್ಯಾಂಗರ್ 1975ರಲ್ಲಿ ಇದಕ್ಕೆ ಹಿಡಿತದ ಭ್ರಮೆ ಎಂದು ಹೆಸರಿಟ್ಟರು. ಮಟ್ಕಾ ಜೂಜಿನ ಓಸಿ ನಂಬರಿಗಾಗಿ ಕನಸನ್ನು ಬಿಡಿಸುವವರ, ಹಿಂದಿನ ವಾರಗಳ ಚಾರ್ಟ್ ಹರಡಿಕೊಂಡು ಕೂರುವವರ ಮನಸ್ಸೂ ಇದೇ.

ಬರುತ್ತದೋ ಇಲ್ಲವೋ ಎನ್ನುವ ಹೊತ್ತು

ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಒಂದೊಂದಾಗಿ ಆಲಿಸುತ್ತಿದ್ದರು. ಕೋತಿಗೆ ಹಣ್ಣಿನ ರಸ ಕೊಟ್ಟಾಗ ಆ ಕೋಶಗಳು ಮಿಡಿಯುತ್ತವೆ. ರಸಕ್ಕೆ ಮುನ್ನ ಪ್ರತಿ ಸಲವೂ ಒಂದು ಸಂಕೇತ ಕೊಡುತ್ತ ಬಂದರೆ, ಸ್ವಲ್ಪ ಸಮಯದ ನಂತರ ಅವು ಸಂಕೇತಕ್ಕೇ ಮಿಡಿದು ರಸ ಬಂದಾಗ ಸುಮ್ಮನಿರುತ್ತವೆ. ಸಂಕೇತ ಬಂದೂ ರಸ ಬಾರದಿದ್ದರೆ ಅವುಗಳ ಮಿಡಿತ ಕುಸಿಯುತ್ತದೆ. ಹೀಗೆ, ಸುಖವನ್ನು ಅಳೆಯುವ ಬದಲು ನಿರೀಕ್ಷೆಗೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಅಳೆಯುವುದೇ ಈ ಕೋಶಗಳ ಕೆಲಸ ಎಂದು 1990ರ ದಶಕದಲ್ಲಿ ಗೊತ್ತಾಯಿತು. ನಾವು ಕಲಿಯುವುದೇ ಈ ವ್ಯತ್ಯಾಸದಿಂದ.

2003ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಕಂಡಿತು. ರಸ ಖಂಡಿತ ಬರುತ್ತದೆ ಎಂದಾಗಲೀ ಖಂಡಿತ ಬರುವುದಿಲ್ಲ ಎಂದಾಗಲೀ ತಿಳಿದಿದ್ದರೆ, ಸಂಕೇತಕ್ಕೂ ಫಲಕ್ಕೂ ನಡುವಿನ ಹೊತ್ತಿನಲ್ಲಿ ಡೋಪಮಿನ್ ಕೋಶಗಳು ಶಾಂತವಾಗಿದ್ದವು. ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ, ಕಾಯುವ ಆ ಹೊತ್ತಿನುದ್ದಕ್ಕೂ ಅವುಗಳ ಚಟುವಟಿಕೆ ಏರುತ್ತಲೇ ಹೋಯಿತು. ಗುಂಡು ಸುತ್ತುತ್ತಿರುವಾಗ, ಇಸ್ಪೀಟಿನ ಎಲೆ ಇನ್ನೂ ಮಗುಚಿರುವಾಗ ಮಿದುಳು ಉತ್ತುಂಗದಲ್ಲಿರುತ್ತದೆ. ಗೆಲುವೋ ಸೋಲೋ ಬಂದಮೇಲೆ ಆ ಹೊತ್ತು ಮುಗಿಯಿತು. ಮತ್ತೆ ಬೇಕಾದರೆ ಮತ್ತೆ ಕಟ್ಟಬೇಕು.

ಡೋಪಮಿನ್‌ಗೂ ಜೂಜಿಗೂ ಇರುವ ನಂಟಿಗೆ ಬಲವಾದ ಸಾಕ್ಷಿ ಅನಿರೀಕ್ಷಿತ ಕಡೆಯಿಂದ ಬಂತು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಕೋಶಗಳು ಸಾಯುತ್ತವೆ, ಆದ್ದರಿಂದ ಡೋಪಮಿನ್‌ನಂತೆ ವರ್ತಿಸುವ ಔಷಧ ಕೊಡುತ್ತಾರೆ. 2005ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯರು ಇಂಥ ಔಷಧ ಸೇವಿಸುತ್ತಿದ್ದಾಗ ಜೂಜಿನ ಗೀಳಿಗೆ ಬಿದ್ದ 11 ರೋಗಿಗಳ ವಿವರ ಪ್ರಕಟಿಸಿದರು. ಮುಂದೆ ಅನೇಕ ದೇಶಗಳಿಂದ ಇಂಥದೇ ವರದಿಗಳು ಬಂದವು. ಔಷಧ ಇಳಿಸಿದಾಗ, ನಿಲ್ಲಿಸಿದಾಗ ಬಹುತೇಕರಲ್ಲಿ ಗೀಳು ತಾನಾಗಿ ಬಿಟ್ಟುಹೋಯಿತು. ಒಂದು ಮಾತ್ರೆ ಹೆಚ್ಚುಕಡಿಮೆಯಾದರೆ ಬಂದು ಹೋಗುವುದನ್ನು ಶೀಲದ ಕೊರತೆ ಎಂದಷ್ಟೇ ಕರೆದು ಕೈತೊಳೆದುಕೊಳ್ಳಲಾಗದು.

ಇನ್ನೇನು ಬಂದಿತ್ತು

ಹಾರ್ವರ್ಡ್‌ನ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಿಗೆ ಗುಂಡಿ ಕುಕ್ಕಿ ಕಾಳು ಪಡೆಯುವುದನ್ನು ಕಲಿಸಿದ್ದರು. ಎಷ್ಟು ಕುಕ್ಕಿದರೆ ಕಾಳು ಬೀಳುತ್ತದೆ ಎಂಬುದಕ್ಕೆ ಲೆಕ್ಕ ಸಿಗದಂತೆ ಮಾಡಿದಾಗ ಅವು ಬಿಡುವಿಲ್ಲದೆ ಕುಕ್ಕಿದವು. ಆಮೇಲೆ ಕಾಳು ಪೂರ್ತಿ ನಿಲ್ಲಿಸಿದರೂ ಬಹಳ ಹೊತ್ತು ಬಿಡಲಿಲ್ಲ. ಜೂಜಿನ ಯಂತ್ರ ನಡೆಯುವುದು ಇದೇ ಕ್ರಮದಲ್ಲಿ ಎಂದು ಸ್ಕಿನ್ನರ್ ಸ್ವತಃ ಗುರುತಿಸಿದ್ದರು.

ಕ್ಯಾಸಿನೊಗಳಿಗೆ ಅತಿ ಹೆಚ್ಚು ಆದಾಯ ತರುವ ಸ್ಲಾಟ್ ಯಂತ್ರದ ಒಳಗೆ ಏನಿದೆ ನೋಡಿ. 1890ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚಾರ್ಲ್ಸ್ ಫೇ ಮಾಡಿದ ಯಂತ್ರದಲ್ಲಿ ಮೂರು ಚಕ್ರಗಳು ನಿಜವಾಗಿ ತಿರುಗಿ ನಿಲ್ಲುತ್ತಿದ್ದವು. ಚಕ್ರದಲ್ಲಿ 22 ಮನೆ ಇದ್ದು, ಬಹುಮಾನದ ಚಿತ್ರ ಒಂದೊಂದರಲ್ಲಿ ಒಂದೇ ಇದ್ದರೆ, ಮೂರೂ ಕೂಡುವ ಸಾಧ್ಯತೆ 10,648ರಲ್ಲಿ ಒಂದು. 1984ರಲ್ಲಿ ಇಂಗೆ ಟೆಲ್ನೆಸ್ ಪಡೆದ ಪೇಟೆಂಟ್ ಕಾಣುವ ಚಕ್ರಕ್ಕೂ ಗೆಲ್ಲುವ ಸಾಧ್ಯತೆಗೂ ಇದ್ದ ಈ ನಂಟನ್ನು ಕಡಿದುಹಾಕಿತು. ಕಣ್ಣಿಗೆ ಕಾಣುವ ಚಕ್ರದಲ್ಲಿ 22 ಮನೆಗಳೇ ಇರುತ್ತವೆ. ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಒಳಗಿನ ಕಂಪ್ಯೂಟರ್. ಅದು, ಉದಾಹರಣೆಗೆ, 64 ಅಂಕಿಗಳಲ್ಲಿ ಒಂದನ್ನು ಆರಿಸುತ್ತದೆ. ಬಹುಮಾನದ ಚಿತ್ರಕ್ಕೆ ಮೀಸಲಾಗಿರುವುದು ಒಂದೇ ಅಂಕಿ. ಈಗ ಮೂರೂ ಕೂಡುವ ಸಾಧ್ಯತೆ 2,62,144ರಲ್ಲಿ ಒಂದು. ಕಣ್ಣಿಗೆ ಮಾತ್ರ ಹಿಂದಿನದೇ ಚಕ್ರ.

ಉಳಿದ ಅಂಕಿಗಳಲ್ಲಿ ಹೆಚ್ಚಿನ ಪಾಲನ್ನು ಬಹುಮಾನದ ಚಿತ್ರಕ್ಕೆ ಒತ್ತಿಕೊಂಡಿರುವ ಮೇಲಿನ ಮತ್ತು ಕೆಳಗಿನ ಖಾಲಿ ಮನೆಗಳಿಗೆ ಹಂಚಬಹುದು. ಹಾಗೆ ಮಾಡಿದರೆ ಚಿತ್ರ ಗೆರೆಯ ಮೇಲೆ ನಿಲ್ಲುವುದು ಅಪರೂಪವಾಗಿ, ಗೆರೆಗೆ ಒಂದು ಮನೆ ಆಚೆಯೋ ಈಚೆಯೋ ನಿಲ್ಲುವುದು ಪದೇ ಪದೇ ನಡೆಯುತ್ತದೆ. ಆಡುವವನಿಗೆ ಇನ್ನೇನು ಬಂದೇಬಿಟ್ಟಿತ್ತು ಎನ್ನಿಸುತ್ತದೆ. 2009ರಲ್ಲಿ ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ತಂಡ, ಇಂಥ ಸ್ವಲ್ಪದರಲ್ಲಿ ತಪ್ಪಿದ ಗೆಲುವು ಮಿದುಳಿನಲ್ಲಿ ಗೆಲುವಿಗೆ ಮಿಡಿಯುವ ಭಾಗಗಳನ್ನೇ ಎಬ್ಬಿಸುತ್ತದೆಂದು ಸ್ಕ್ಯಾನ್ ಮೂಲಕ ತೋರಿಸಿತು. ಪೂರ್ತಿ ಸೋಲಿಗಿಂತ ಅದು ಹೆಚ್ಚು ಬೇಸರ ತರುತ್ತದೆ, ಆದರೂ ಇನ್ನೊಮ್ಮೆ ಆಡುವ ತುಡಿತವನ್ನು ಹೆಚ್ಚಿಸುತ್ತದೆ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು ಮತ್ತೊಂದು ತಂತ್ರವನ್ನು ಬಯಲಿಗೆಳೆದರು. ಹಲವು ಗೆರೆಗಳಿಗೆ ಒಟ್ಟಿಗೆ ಪಣ ಕಟ್ಟುವ ಹೊಸ ಯಂತ್ರಗಳಲ್ಲಿ 100 ಕಟ್ಟಿ 30 ವಾಪಸ್ ಬಂದಾಗಲೂ ದೀಪ ಮಿನುಗುತ್ತದೆ, ಗೆಲುವಿನ ಸಂಗೀತ ಮೊಳಗುತ್ತದೆ. ಕಳೆದುಕೊಂಡದ್ದು 70. ಮೈಯೊಳಗಿನ ಉದ್ವೇಗ ಅಳೆದಾಗ ಅದು ನಿಜವಾದ ಗೆಲುವಿನಲ್ಲಿ ಇರುವಂತೆಯೇ ಇತ್ತು.

ಲಾಸ್ ವೇಗಸ್‌ನಲ್ಲಿ ವರ್ಷಗಟ್ಟಲೆ ಯಂತ್ರವ್ಯಸನಿಗಳ ಜೊತೆ ಮಾತಾಡಿ 2012ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞೆ ನತಾಶಾ ಡೌ ಶುಲ್ ಕಂಡ ಸಂಗತಿ ಎದೆ ನಡುಗಿಸುತ್ತದೆ. ಅವರಲ್ಲಿ ಹಲವರಿಗೆ ಗೆಲ್ಲುವ ಆಸೆಯೇ ಉಳಿದಿರಲಿಲ್ಲ. ಮನೆ, ಸಾಲ, ಮೈನೋವು ಎಲ್ಲ ಮರೆಸುವ ಒಂದು ಸ್ಥಿತಿಯಲ್ಲಿ ಇನ್ನಷ್ಟು ಹೊತ್ತು ಇರುವುದಕ್ಕಾಗಿ ಅವರು ಆಡುತ್ತಿದ್ದರು.

ಹೋದದ್ದನ್ನು ಎತ್ತುವ ಹಟ

1979ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್‌ಸ್ಕಿ ಜನರ ಮುಂದೆ ಎರಡು ಆಯ್ಕೆ ಇಟ್ಟರು: ಖಚಿತವಾಗಿ 3,000 ಕಳೆದುಕೊಳ್ಳುವುದು, ಇಲ್ಲವೇ, 4,000 ಕಳೆದುಕೊಳ್ಳುವ ಶೇಕಡ 80ರಷ್ಟು ಅಪಾಯ, ಏನೂ ಕಳೆದುಕೊಳ್ಳದಿರುವ ಶೇಕಡ 20ರಷ್ಟು ಅವಕಾಶ. ಸರಾಸರಿ ಲೆಕ್ಕದಲ್ಲಿ ಎರಡನೆಯದು 3,200ರ ನಷ್ಟ. ಆದರೂ ಶೇಕಡ 92 ಜನ ಅದನ್ನೇ ಆರಿಸಿದರು. ಉತ್ತರಿಸಿದವರು ಜೂಜುಕೋರರಲ್ಲ, ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ನಷ್ಟವನ್ನು ಒಪ್ಪಿಕೊಂಡು ಏಳುವುದು ನಮಗೆ ಅಷ್ಟು ಕಷ್ಟ. ಜೂಜಿನ ಮೇಜಿನಿಂದ ಎದ್ದ ಕ್ಷಣ ಅಲ್ಲಿಯವರೆಗಿನ ಸೋಲೆಲ್ಲ ಪಕ್ಕಾ ಆಗುತ್ತದೆ. ಕೂತಿರುವವರೆಗೆ ಅದು ಇನ್ನೂ ಎತ್ತಬಹುದಾದ ಹಣ.

ಆ ಹೊತ್ತಿಗೆ ರಾತ್ರಿ ಎರಡೋ ಮೂರೋ ಆಗಿರುತ್ತದೆ. ನಿದ್ದೆಗೆಟ್ಟ ಮಿದುಳು ಹೇಗೆ ಪಣ ಕಟ್ಟುತ್ತದೆ ಎಂಬುದನ್ನು ಸಿಂಗಪುರದ ಪ್ರಯೋಗಾಲಯವೊಂದು ಪರೀಕ್ಷಿಸಿದೆ. ರಾತ್ರಿಯಿಡೀ ಎದ್ದಿದ್ದ ಆರೋಗ್ಯವಂತ ಯುವಕರು ನಷ್ಟ ತಗ್ಗಿಸುವ ಆಯ್ಕೆಗಳನ್ನು ಬಿಟ್ಟು ದೊಡ್ಡ ಲಾಭದ ಕಡೆ ವಾಲಿದ್ದರು. ಮದ್ಯ ಸೇವಿಸಿದವರು ಸೋಲುತ್ತಿದ್ದರೂ ಹೆಚ್ಚು ಹೊತ್ತು ಆಡುತ್ತಾರೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಮಹಾನಗರದ ರಾತ್ರಿಯಲ್ಲಿ ಕುಡಿತ, ನಿದ್ದೆಗೇಡು, ಜೂಜು ಒಂದೇ ಚಾವಣಿಯ ಕೆಳಗೆ ಸಿಗುತ್ತವೆ. ಒಂದೊಂದೂ ಇನ್ನೊಂದರ ಕೈ ಬಲಪಡಿಸುತ್ತದೆ.

ಸಾಲದ ಮೆಟ್ಟಿಲು

ಅಮೆರಿಕದ ಒಮಾಹಾ ನಗರದ ಒಬ್ಬ ಉದ್ಯಮಿ ಕುಟುಂಬದ ವ್ಯಾಪಾರ ಮಾರಿದ ಮೇಲೆ ಲಾಸ್ ವೇಗಸ್‌ಗೆ ಬರತೊಡಗಿದ. 2007ರ ಒಂದೇ ವರ್ಷದಲ್ಲಿ ಅವನು ಕಳೆದದ್ದು ಸುಮಾರು 12.7 ಕೋಟಿ ಡಾಲರ್. ಆ ದಿನಗಳಲ್ಲಿ ಅವನ ಕುಡಿತವೂ ಮಿತಿ ಮೀರಿತ್ತು. ಅಲ್ಲಿ ಆಡುವವರಿಗೆ ಕ್ಯಾಸಿನೊಗಳೇ ಬಡ್ಡಿಯಿಲ್ಲದೆ ಕೈಸಾಲ ಕೊಡುತ್ತವೆ. ಒಂದು ಚೀಟಿಗೆ ಸಹಿ ಹಾಕಿದರೆ ಸಾಕು. ಆದರೆ ನೆವಾಡದ ಕಾನೂನಿನಲ್ಲಿ ಆ ಚೀಟಿ ಚೆಕ್‌ಗೆ ಸಮ. ತೀರಿಸದಿದ್ದರೆ ಕ್ರಿಮಿನಲ್ ಮೊಕದ್ದಮೆ. 1.47 ಕೋಟಿ ಡಾಲರ್ ಬಾಕಿ ಉಳಿಸಿಕೊಂಡ ಈ ಉದ್ಯಮಿಯ ಮೇಲೆ 2009ರಲ್ಲಿ ಹಾಗೇ ಮೊಕದ್ದಮೆ ಬಿತ್ತು. ಮರುವರ್ಷ ರಾಜಿಯಲ್ಲಿ ಕೊನೆಗೊಂಡಿತು. ಅಪಾರ ಹಣ ಇದ್ದವನೂ ಬಚಾವಾಗಲಿಲ್ಲ. ಹಣ ಹೆಚ್ಚಿದ್ದಷ್ಟೂ ಮೆಟ್ಟಿಲುಗಳು ಹೆಚ್ಚು, ಅಷ್ಟೆ.

1970ರ ದಶಕದಲ್ಲಿ ಅಮೆರಿಕದ ಓಹಾಯೊದಲ್ಲಿ ಜೂಜುವ್ಯಸನಿಗಳಿಗೆ ಮೊದಲ ಆಸ್ಪತ್ರೆ ಚಿಕಿತ್ಸೆ ಆರಂಭಿಸಿದ ಮನೋವೈದ್ಯ ರಾಬರ್ಟ್ ಕಸ್ಟರ್ ಈ ಇಳಿತದಲ್ಲಿ ಮೂರು ಹಂತ ಗುರುತಿಸಿದರು. ಮೊದಲು ಗೆಲುವಿನ ಹಂತ. ಆರಂಭದಲ್ಲೇ ಸಿಕ್ಕ ಒಂದು ದೊಡ್ಡ ಗೆಲುವು ಬಹಳ ಜನರ ಕಥೆಯಲ್ಲಿದೆ. ಆಮೇಲೆ ಸೋಲಿನ ಹಂತ. ಸುಳ್ಳು, ಸಾಲ, ಹೋದದ್ದರ ಬೆನ್ನಟ್ಟುವಿಕೆ. ಕೊನೆಗೆ ಹತಾಶೆಯ ಹಂತ. ಪರರ ಹಣಕ್ಕೆ ಕೈ, ಮನೆಯಿಂದ ದೂರ, ಆತ್ಮಹತ್ಯೆಯ ಯೋಚನೆ. ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತದಲ್ಲಿ ಬರುವ ಜೂಜುಕೋರನೂ ಹೆಂಡತಿಯಿಂದ ದೂರವಾಗಿ, ಸಾಲಕ್ಕೆ ಹೆದರಿ, ಹಣಕ್ಕಾಗಿ ರಾತ್ರಿ ಹೊತ್ತು ಪರರ ಮನೆಗೆ ಹೋಗುತ್ತಾನೆ. ಕಸ್ಟರ್ ಬರೆದಿಟ್ಟ ಹಂತಗಳು ಅಲ್ಲಿಯೂ ಇವೆ.

ಸೋಲಿನ ಹಂತದ ಬಗ್ಗೆ ಮನೆಯವರು ತಿಳಿಯಬೇಕಾದ್ದೊಂದಿದೆ. ಇದೊಂದು ಸಲ ತೀರಿಸಿಬಿಡಿ, ಮತ್ತೆ ಆಡಲ್ಲ ಎಂದು ಆಣೆ ಇಟ್ಟಾಗ ಅಪ್ಪ ಜಮೀನು ಮಾರಿಯೋ ಅಕ್ಕ ಬಳೆ ಅಡ ಇಟ್ಟೋ ಸಾಲ ತೀರಿಸುತ್ತಾರೆ. ವ್ಯಸನಿಯ ಮಿದುಳಿಗೆ ಅದು ಇನ್ನೊಂದು ದೊಡ್ಡ ಗೆಲುವಿನಂತೆ: ಹೋದದ್ದೆಲ್ಲ ಒಂದೇ ಏಟಿಗೆ ವಾಪಸ್ ಬಂತು. ತನ್ನ ಸಾಲ ಬೇರೆಯವರು ತೀರಿಸುವಂತೆ ಮಾಡಿಕೊಳ್ಳುವುದನ್ನು ಮನೋವೈದ್ಯರು ಈ ಕಾಯಿಲೆಯ ಲಕ್ಷಣಗಳಲ್ಲೇ ಸೇರಿಸಿದ್ದಾರೆ. 1980ರಲ್ಲಿ ಅಮೆರಿಕದ ಮನೋವೈದ್ಯಕೀಯ ಕೈಪಿಡಿಗೆ ಸೇರಿದ ಜೂಜಿನ ಗೀಳು 2013ರಲ್ಲಿ ಮದ್ಯ, ಮಾದಕವಸ್ತುಗಳ ಸಾಲಿಗೆ, ವ್ಯಸನಗಳ ಅಧ್ಯಾಯಕ್ಕೆ ಸ್ಥಳಾಂತರಗೊಂಡಿತು.

ಬಾಗಿಲು ಮುಚ್ಚದ ಅಡ್ಡೆ

ಕರ್ನಾಟಕಕ್ಕೆ ಇದೆಲ್ಲ ದೂರದ ಮಾತಲ್ಲ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಓಪನ್ ಮತ್ತು ಕ್ಲೋಸ್ ಧಾರಣೆಯ ಮೇಲೆ ಮುಂಬೈಯಲ್ಲಿ ಕಟ್ಟುತ್ತಿದ್ದ ಬಾಜಿ ಮಟ್ಕಾ ಆಗಿ ಬೆಳೆದು, ಓಸಿ ಆಗಿ ನಮ್ಮ ಊರೂರಿಗೆ ಬಂತು. ಅದರಲ್ಲಿ ಒಂದಂಕಿ ಹತ್ತಿದರೆ ರೂಪಾಯಿಗೆ ಸುಮಾರು ಒಂಬತ್ತು ಕೊಡುತ್ತಾರೆ, ಹತ್ತುವ ಸಾಧ್ಯತೆ ಹತ್ತರಲ್ಲಿ ಒಂದು. ರೂಲೆಟ್‌ಗಿಂತ ಹೆಚ್ಚುಕಡಿಮೆ ಎರಡರಷ್ಟು ನಷ್ಟ. 2007ರಲ್ಲಿ ರಾಜ್ಯ ಲಾಟರಿಯನ್ನು ನಿಲ್ಲಿಸಿತು. ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಿಗೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಜನ ಹೋಗುತ್ತಲೇ ಇದ್ದಾರೆ. ಆಮೇಲೆ ರಮ್ಮಿಯೂ ಕ್ರಿಕೆಟ್ ಬೆಟ್ಟಿಂಗೂ ಮೊಬೈಲಿಗೆ ಇಳಿದವು. ಆನ್‌ಲೈನ್ ಪಣದಾಟ ನಿಷೇಧಿಸಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಅಂಗೀಕರಿಸಿತು.

ಲಾಸ್ ವೇಗಸ್ ಕಿಟಕಿ ಮುಚ್ಚಿ ಸಾಧಿಸಿದ್ದನ್ನು ಫೋನ್ ಇನ್ನೂ ಸುಲಭವಾಗಿ ಸಾಧಿಸುತ್ತದೆ. ಮಲಗುವ ಕೋಣೆಯಲ್ಲಿ, ಕತ್ತಲಲ್ಲಿ, ನೋಟು ಎಣಿಸುವ ಕಷ್ಟವೂ ಇಲ್ಲದೆ ಹಣ ಹೋಗುತ್ತದೆ. ಅದೇ ಪರದೆಯಲ್ಲಿ ನಿಮಿಷದೊಳಗೆ ಸಾಲವೂ ಸಿಗುತ್ತದೆ. ಕಾಯ್ದೆ ಬೇಕು. ಆದರೆ ಕದ್ದುಮುಚ್ಚಿ ನಡೆಯುವ ಬೆಟ್ಟಿಂಗಿಗೆ ಬಿದ್ದವರನ್ನು ಮೇಲೆತ್ತಲು ಕಾಯ್ದೆಯೊಂದೇ ಸಾಲದು.

ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಗುಂಡಿಗೆ ನೆನಪಿಲ್ಲ, ಸ್ವಲ್ಪದರಲ್ಲಿ ತಪ್ಪಿದ್ದೂ ಸೋಲೇ ಎಂಬುದನ್ನು ಆಪ್ತಸಮಾಲೋಚಕರು ವಾರವಾರ ಕೂರಿಸಿಕೊಂಡು ಮನಗಾಣಿಸಿ ಯೋಚನೆಯ ದಾರಿ ತಿದ್ದುತ್ತಾರೆ. ಕುಡಿತದ ಚಿಕಿತ್ಸೆಯಲ್ಲಿ ಬಳಸುವ ನಾಲ್ಟ್ರೆಕ್ಸೋನ್ ಕೆಲವರಲ್ಲಿ ಜೂಜಿನ ತುಡಿತವನ್ನೂ ತಗ್ಗಿಸುತ್ತದೆ. 1957ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಗ್ಯಾಂಬ್ಲರ್ಸ್ ಅನಾನಿಮಸ್ ಕೂಟಗಳಲ್ಲಿ, ಬಿಟ್ಟವರು ಬಿಡಲು ಹೆಣಗುತ್ತಿರುವವರ ಜೊತೆ ಕೂರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನ ವ್ಯಸನಕ್ಕೆ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಇಂಥವರೊಬ್ಬರಿದ್ದರೆ, ಯಾಕೆ ಆಡಿದೆ ಎಂಬ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅದಕ್ಕೆ ಅವರ ಬಳಿಯೂ ಉತ್ತರವಿಲ್ಲ. ಯಾರಿಗೆ ಎಷ್ಟು ಕೊಡಬೇಕು ಎಂದು ಕೇಳಿ, ಜೊತೆಗೆ ಕೂತು ಹಾಳೆಯ ಮೇಲೆ ಬರೆಯಿರಿ. ಒಟ್ಟು ಮೊತ್ತವನ್ನು ಅವರ ಬಾಯಿಂದಲೇ ಹೇಳಿಸಿ. ಎಟಿಎಂ ಕಾರ್ಡು, ಸಂಬಳದ ಖಾತೆ ಕೆಲಕಾಲ ಇನ್ನೊಬ್ಬರ ಕೈಯಲ್ಲಿರಲಿ. ಸಾಲ ಕಂತಿನಲ್ಲಿ, ಅವರದೇ ದುಡಿಮೆಯಿಂದ ತೀರಲಿ. ಹೋದದ್ದು ಹೋಯಿತು, ಅದನ್ನು ಎತ್ತಬೇಕಾಗಿಲ್ಲ ಎಂದು ಅವರು ಒಪ್ಪಿಕೊಳ್ಳುವ ದಿನವೇ ಜೂಜಿನ ಮೇಲೆ ಅವರ ಮೊದಲ ನಿಜವಾದ ಗೆಲುವು. ಆ ದಿನದವರೆಗೆ ಅವರನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಪಾಲಿನ ಕೆಲಸ.